ಹಿಂದಿನ ಸಾಲಿನ ಟವೆಲು

ಹಾಡು ಶುರುಮಾಡುವ ಮುನ್ನ ಜವರಪ್ಪ ಮೈಕನ್ನು ಪಕ್ಕಕ್ಕೆ ಸರಿಸುತ್ತಿದ್ದ. ಸೊಂಟಕ್ಕೆ ಕೈಕೊಟ್ಟು ನಿಂತು, ಸಭೆಯ ತಲೆಗಳ ಮೇಲಿಂದ ಕಟ್ಟಕಡೆಯ ಸಾಲಿನತ್ತ ಒಂದು ಕೂಗು ಹಾಕುತ್ತಿದ್ದ. ಪದವಿಲ್ಲದ ಕೂಗು, ಹಂಗಳದ ಕಾಡಂಚಿನಲ್ಲಿ ಹೊಲ ಕಾಯುವವರು ಹಂದಿ ಓಡಿಸಲು ಹಾಕುವಂಥದು. ಸೋದರಮಾವನ ಹೊಲದಲ್ಲಿ ಕಲಿತದ್ದೆಂದು ಹೇಳುತ್ತಿದ್ದ. ಆ ಕಡೆಯ ಸಾಲಿನಲ್ಲಿ ನಾನು ಕುಳಿತಿರುತ್ತಿದ್ದೆ. ಕೂಗು ನನ್ನನ್ನು ಮುಟ್ಟಿದರೆ ಹೆಗಲ ಮೇಲಿನ ಬಿಳಿ ಟವೆಲು ಎತ್ತಬೇಕು. ಟವೆಲು ಎದ್ದ ಮೇಲೆಯೇ ಡ್ರಮ್ಮು, ಆಮೇಲೆ ಗಿಟಾರು. ಏಳದಿದ್ದರೆ ಏನು ಮಾಡಬೇಕೆಂದು ನಾವು ಎಂದೂ ಮಾತಾಡಿಕೊಂಡಿರಲಿಲ್ಲ.

ಹರವೆಯ ಈ ಜವರಪ್ಪ ಚಾಮರಾಜನಗರದ ಬಳಿ ಕರಿಕಲ್ಲು ಕೊಯ್ಯುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಯಂತ್ರದ ಸದ್ದನ್ನು ಮೀರಿ ಮಾತಾಡಿ ಮಾತಾಡಿ ಗಂಟಲು ಪಳಗಿತ್ತು. ಎಪ್ಪತ್ತರ ದಶಕದ ಕೊನೆಗೆ ಅವನು ಕಟ್ಟಿದ ತಂಡದ ಹೆಸರೂ ‘ಕರಿಕಲ್ಲು’. ಸಿನಿಮಾ ಹಾಡಿನ ಆರ್ಕೆಸ್ಟ್ರಾಗಳೇ ತುಂಬಿದ್ದ ಸೀಮೆಯಲ್ಲಿ ಸ್ವಂತ ಹಾಡು ನುಡಿಸಿದ ರಾಕ್ ತಂಡ ಅದೊಂದೇ. ಪದ ಬರೆದುಕೊಡುತ್ತಿದ್ದವನು ಹೈಸ್ಕೂಲು ಮೇಷ್ಟರಾಗಿದ್ದ ನಾನು. ಒಮ್ಮೆ ನನ್ನ ಪದ್ಯವನ್ನು ಓದಿ, “ಈ ‘ಅನಂತ’ ಅನ್ನದು ಬಾಯ್ ತುಂಬ್ತದ, ಹೊಟ್ಟೆ ತುಂಬಲ್ಲ ಮೇಷ್ಟ್ರೇ, ತಗ್ದ್‌ಬುಡಿ” ಎಂದಿದ್ದ. ತೆಗೆದೆ. ಮರೆತಿಲ್ಲ. ಗಂಟಲಿಗೆ ಬಿಸಿನೀರು ಕುಡಿಯೆಂದರೆ, “ಗಂಟ್ಲೇನ್ ಬಾಣಂತಿಯಾ, ಬಿಸ್ನೀರ್ ಕಾಯ್ಸಕ್ಕ?” ಎಂದು ನಗುತ್ತಿದ್ದ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಜನರ ಮಾತಿನ ಧಾಟಿ ಬದಲಾಯಿತು. ಚಾಮರಾಜನಗರದ ಒಂದು ಮದುವೆಯಲ್ಲಿ ಹೆಣ್ಣಿನ ತಂದೆ ನಡುಹಾಡಿನಲ್ಲೇ ವೇದಿಕೆ ಹತ್ತಿ, “ವಸಿ ಕಮ್ಮಿ ಮಾಡ್ರಪ್ಪ, ಊಟಕ್ ಕೂತೋರು ಸಾಂಬಾರ್ ಕೇಳಕ್ಕೂ ಆಯ್ತಿಲ್ಲ” ಎಂದರು. ನಾನು ಕೆಂಡವಾದೆ. ಜವರಪ್ಪ, “ಸಾಂಬಾರ್ ಕೇಳೋರ್ಗೂ ನಮ್ ಕೂಗೇ ಕಲ್ಸನ ಬುಡಿ ಯಜಮಾನ್ರೇ” ಎಂದು ಸಭೆಯನ್ನೇ ನಗಿಸಿದ. ನಾನು ನಗಲಿಲ್ಲ. ಆ ಸಂಜೆ ಅವನ ಕೂಗಿಗೆ ಮೊದಲ ಬಾರಿ ನಾನು ಕಿವಿ ಚಾಚಬೇಕಾಗಿ ಬಂದಿತ್ತು.

ಕೆಲವು ವರ್ಷಗಳ ಬಳಿಕ ಗುಂಡ್ಲುಪೇಟೆಯ ಒಂದು ಗಣಪತಿ ಪೆಂಡಾಲಿನಲ್ಲಿ ನಮ್ಮನ್ನು ಮೊದಲಿಗೆ ಹಾಕಿದರು. ಮೊದಲಿಗೆಂದರೆ ಮರ್ಯಾದೆಗಲ್ಲ, ಕುರ್ಚಿ ಹಾಕುವ ಹೊತ್ತು ತುಂಬಿಸಲು. ಹಳದಿ ಅಂಗಿ ತೊಟ್ಟ ವ್ಯವಸ್ಥಾಪಕನೊಬ್ಬ ನನಗೆ ಕೇಳುವಂತೆಯೇ ಗೆಳೆಯನಿಗೆ ಹೇಳಿದ: “ಇವ್ರ್ ಕಾಲ ಮುಗ್ದೋಯ್ತು ಕಣ್ಲಾ. ನಮ್ಮಪ್ಪನ್ ಕಾಲ್ದೋರು. ಒಂದಾಡ್ ಆಡ್ಸಿ ಕಳ್ಸ್‌ಬುಡನ.” ನಮ್ಮ ಪದ್ಧತಿ ಅವನಿಗೂ ಗೊತ್ತಿತ್ತು. ವೇದಿಕೆಯ ಮೆಟ್ಟಿಲ ಬಳಿ ಜವರಪ್ಪನನ್ನು ತಡೆದ.

“ಅಣ್ಣೋ, ಇಂದ್ಲ ಸಾಲ್ಗ ಕೇಳುದ್ರ ಆಡಿ. ಇಲ್ಲಾಂದ್ರ ಇಳ್ದ್‌ಬುಡಿ, ಬೇಜಾರ್ ಮಾಡ್ಕಬ್ಯಾಡಿ.”

“ಆಗ್ಲಿ ಕಣಪ್ಪಾ. ನಮ್ ಮೇಷ್ಟ್ರು ಸುಳ್ಳೇಳಲ್ಲ” ಎಂದ ಜವರಪ್ಪ.

ಡ್ರಮ್ಮಿನ ಪುಟ್ಟಸ್ವಾಮಿ ಹಿಂದಿನ ಸಾಲಿಗೆ ಓಡಿಬಂದ. ಉಡಿಗಾಲದವನು, ತಂಡದಲ್ಲಿ ಜವರಪ್ಪನಷ್ಟೇ ಹಳಬ. “ಸಾ, ಏನಾರ ಆಗ್ಲಿ, ಟವಲ್ ಎತ್‌ಬುಡಿ. ಯಾರ್ಗ್ ಗೊತ್ತಾದ್ದು?”

“ಜವರಪ್ಪನಿಗೆ ಗೊತ್ತಾಗುತ್ತದೆ” ಎಂದೆ. ಪುಟ್ಟಸ್ವಾಮಿ ಡ್ರಮ್ಮಿನ ಬಳಿಗೆ ಮರಳಿದ.

ಜವರಪ್ಪ ಮೈಕು ಸರಿಸಿದ. ಬಾಯಿ ತೆರೆಯಿತು, ಕುತ್ತಿಗೆಯ ನರ ಉಬ್ಬಿತು. ನನ್ನವರೆಗೆ ಬಂದದ್ದು ಕುರ್ಚಿ ಎಳೆಯುವ ಸದ್ದು ಮಾತ್ರ. ನನ್ನ ಕೈ ಟವೆಲಿನ ಅಂಚು ಹಿಡಿದಿತ್ತು, ಎತ್ತಲಿಲ್ಲ. ಅವನು ಮತ್ತೆ ಕೂಗಿದ. ಕೇಳಲಿಲ್ಲ. ಪುಟ್ಟಸ್ವಾಮಿ ಕೋಲುಗಳನ್ನು ಎತ್ತಿ ಹಿಡಿದು ನನ್ನನ್ನೇ ನೋಡುತ್ತಿದ್ದ. ಯಾರೋ ಶಿಳ್ಳೆ ಹಾಕಿ, “ಇಳ್ಯಣ್ಣೋ!” ಎಂದರು.

ಜವರಪ್ಪ ಇಳಿದ. ಹಳದಿ ಅಂಗಿಯವನು ನಕ್ಕ; ಆ ನಗೆಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಆದರೆ ಜವರಪ್ಪ ಹೊರಗಿನ ದಾರಿ ಹಿಡಿಯಲಿಲ್ಲ. ಕುರ್ಚಿಗಳ ನಡುವೆ ನನ್ನ ಕಡೆಗೆ ನಡೆದ; ಒಂದಿಷ್ಟು ನಡೆದು ನಿಂತು ಕೂಗಿದ, ಮತ್ತೊಂದಿಷ್ಟು ನಡೆದು ಮತ್ತೆ ಕೂಗಿದ. ಪೆಂಡಾಲಿನ ನಡುಗಂಬದ ಹತ್ತಿರ ಬಂದಾಗ ಅದು ನನ್ನ ಕಿವಿ ಮುಟ್ಟಿತು. ಬಿರುಕು ಬಿಟ್ಟಿತ್ತು, ಆದರೆ ಅದೇ ಕೂಗು. ಎದ್ದು ನಿಂತು ಟವೆಲು ಎತ್ತಿದೆ. ಪುಟ್ಟಸ್ವಾಮಿ ಡ್ರಮ್ಮು ಒಡೆಯುವಂತೆ ಹೊಡೆದ. ಜವರಪ್ಪ ಅಲ್ಲೇ, ಜನರ ನಡುವೆ, ಮೈಕಿಲ್ಲದೆ ಹಾಡಿದ. ಮುಂದಿನ ಸಾಲಿನವರೆಲ್ಲ ಕುರ್ಚಿ ತಿರುಗಿಸಿಕೊಂಡರು. ಹಳದಿ ಅಂಗಿಯವನೂ ತಿರುಗಿಸಿಕೊಂಡ.

“ಮೊದಲ್ನೇ ಕೂಗ್ಗೇ ಟವಲ್ ಎತ್ತಿದ್ರ ನಿಮ್ ಮಕ ನೋಡ್ತಿರ್ನಿಲ್ಲ” ಎಂದ ಜವರಪ್ಪ, ಬೆವರು ಒರೆಸಿಕೊಳ್ಳುತ್ತ. “ಕೇಳೋ ತಾವ್ಗ ನಾವೇ ಓಗ್ಬೇಕು ಮೇಷ್ಟ್ರೇ.” ತಂಡದ ಕಾಲ ಮುಗಿದಿತ್ತೇ ಎಂದರೆ, ಮುಗಿದಿತ್ತು. ಹಾಗೆಂದು ಸಾರುವ ಅಧಿಕಾರ ಮಾತ್ರ ಹಳದಿ ಅಂಗಿಗೆ ಇರಲಿಲ್ಲ.

ಆಮೇಲೆ ‘ಕರಿಕಲ್ಲು’ ನಡೆಸಿದ ಕೆಲವೇ ಕಾರ್ಯಕ್ರಮಗಳಲ್ಲೂ ಅವನು ಜನರ ನಡುವೆ ನಿಂತೇ ಹಾಡಿದ. ಬಳಿಕ ಹಾಸಿಗೆ ಹಿಡಿದ. ನಾನು ಅವನನ್ನು ಕಡೆಯ ಬಾರಿ ಕಂಡದ್ದು ಹರವೆಯ ಮನೆಯಲ್ಲಿ. ಮಾತು ಪಿಸುಗುಟ್ಟಿದಂತಿತ್ತು. ಹೊರಡಲು ಎದ್ದಾಗ ಕೈ ಹಿಡಿದುಕೊಂಡ.

“ಬಸ್ ನಿಲ್ಲೋ ತಾವ್ ಓಗಿ ನಿಂತ್ಕಳಿ. ಕೂಗ್ತೀನಿ. ಕೇಳುದ್ರ ಎತ್ತಿ, ಇಲ್ಲಾಂದ್ರ ಸುಮ್ನ ಬಸ್ಸತ್ಕಳಿ.”

“ಬೇಡ ಜವರಪ್ಪ, ಆಯಾಸವಾದೀತು.”

“ಗಂಟ್ಲೇನ್ ಬಾಣಂತಿಯಾ?”

ಜಗಲಿ ಕಾಣುವಷ್ಟೇ ದೂರದಲ್ಲಿ ರಸ್ತೆ. ನಾನು ನಿಲ್ಲುವುದಕ್ಕೂ ಬಸ್ಸು ಗುಡುಗುಡಿಸುತ್ತ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಅತ್ತ ಜವರಪ್ಪ ಹೆಂಡತಿಯ ಹೆಗಲು ಹಿಡಿದು ಜಗಲಿಗೆ ಬಂದಿದ್ದ. ಎಂಜಿನ್ ನಿಲ್ಲಿಸೆಂದು ಡ್ರೈವರನಿಗೆ ಹೇಳಿದೆ.

“ಯಾಕ್ ಯಜಮಾನ್ರೇ, ನಿಮ್ಮಪ್ಪನ್ ಬಸ್ಸಾ?” ಎಂದ. ಅದನ್ನೂ ಮರೆತಿಲ್ಲ. ಆದರೆ ನನ್ನ ಮುಖ ನೋಡಿ ನಿಲ್ಲಿಸಿದ.

ಜವರಪ್ಪನ ಬಾಯಿ ತೆರೆದದ್ದು ಕಾಣಿಸಿತು. ಬಸ್ಸಿನೊಳಗೆ ಒಂದು ಮಗು ಅತ್ತು ಸುಮ್ಮನಾಯಿತು. ಆಗ ಬಂತು, ಎಲ್ಲೋ ಎರಡು ಹೊಲದಾಚೆ ಹಂದಿ ಓಡಿಸುವವನ ದನಿಯಷ್ಟು ಸಣ್ಣಗೆ.

ಟವೆಲು ಎತ್ತಿದೆ.

“ಆಯ್ತಾ?” ಎಂದ ಡ್ರೈವರ್.

ಬಸ್ಸು ಹತ್ತಿ ಕುಳಿತ ಮೇಲೂ, ತಿರುವಿನಲ್ಲಿ ಜಗಲಿ ಮರೆಯಾಗುವವರೆಗೆ, ಕಿಟಕಿಯಾಚೆಗೆ ಚಾಚಿದ ಕೈಯನ್ನು ನಾನು ಇಳಿಸಲಿಲ್ಲ.