ಛಲೋ ಓಡೋ ಗಾಡಿ

ಗೋಕುಲ ರಸ್ತೆಯಲ್ಲಿ ನನ್ನ ಸ್ಕೂಟರ್ ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್ ಮೊದಲು ಕಣ್ಣು ಮುಚ್ಚಿ ಎಂಜಿನ್ನಿನ ಸದ್ದು ಕೇಳುತ್ತಿದ್ದರು. ಆಯಿಲ್ ಬದಲಿಸುವುದು ಈಗ ಬೇಡ ಎಂದರೆ ರೇಗುತ್ತಿದ್ದರು. “ಛಲೋ ಓಡಾಕತ್ತೈತಿ ಅಂತ ಬಿಟ್ರ ಎಂಜಿನ್ ಹೋಗ್ತೈತ್ರಿ.” ಎಲ್ಲ ಗಿರಾಕಿಗಳಿಗೂ ಇದೇ ಮಾತು.

ಹೋದ ವರ್ಷ ಅವರ ಅಂಗಡಿ ಎರಡು ತಿಂಗಳು ಮುಚ್ಚಿತ್ತು. ಖಿನ್ನತೆ ಎಂದು ಧಾರವಾಡದ ಡಾಕ್ಟರು ಗುಳಿಗೆ ಬರೆದುಕೊಟ್ಟಿದ್ದರು. ಚೇತರಿಸಿಕೊಂಡು ಬಂದವರು ದಿನಾ ಊಟವಾದ ಮೇಲೆ ನಟ್ಟು ಬಿಚ್ಚುವ ಪಾನಾ ಇಡುವ ಡಬ್ಬಿಯಿಂದ ಗುಳಿಗೆ ತೆಗೆದು, ನಮಗೆ ಬೆನ್ನು ತಿರುಗಿಸಿ ನುಂಗುತ್ತಿದ್ದರು.

ಒಂದು ದಿನ ನಾನೇ ಅಂದೆ: “ಈಗ ಛಲೋ ಆಗೀರಲ್ರಿ ಕಾಕಾ, ಇನ್ನ ಗುಳಿಗಿ ಯಾಕ? ಚಟಾ ಆಗ್ತೈತ್ರಿ.”

ಅವರು ಅಂಗೈಯಲ್ಲಿದ್ದ ಗುಳಿಗೆ ನೋಡಿದರು. “ಡಾಕ್ಟರು ಬಿಡಬ್ಯಾಡ್ರಿ ಅಂದಾರ. ಆದ್ರ ನೀವೂ ಓದಿದವ್ರು,” ಎಂದು ಅದನ್ನು ವಾಪಸ್ ಡಬ್ಬಿಗೆ ಹಾಕಿದರು.

ಕೆಲವೇ ವಾರಗಳಲ್ಲಿ ಅಂಗಡಿ ಮತ್ತೆ ಮುಚ್ಚಿತು. ಬೆಂಗೇರಿಯ ಅವರ ಮನೆಗೆ ಹೋದೆ. ಕಟ್ಟೆಯ ಮೇಲೆ ಕುಳಿತಿದ್ದರು. ಅವರೆದುರೇ ಸ್ಕೂಟರ್ ನಿಲ್ಲಿಸಿ, ಎಂಜಿನ್ ಬಂದ್ ಮಾಡದೆ ಕಾದೆ. ಅವರು ತಲೆ ಎತ್ತಲಿಲ್ಲ.

ಅವರ ಹೆಂಡತಿ ಹೊರಗೆ ಬಂದು, “ಯಾರೋ ಪುಣ್ಯಾತ್ಮ ಗುಳಿಗಿ ಬಿಡಿಸ್ಯಾನ್ರಿ,” ಎಂದರು.

“ಎಂಥೆಂಥಾ ಮಂದಿ ಇರ್ತಾರ್ರಿ,” ಎಂದೆ. ಅವರು ಕೊಟ್ಟ ಚಹಾ ಕುಡಿದು ಬಂದೆ.