ಅಜ್ಜಿ ತೊಳೆದ ಔಷಧಿ ಬಾಟ್ಲಿ

ಬೆಳಿಗ್ಗೆ ಸೊಸೆ ಮೊಮ್ಮಗನ ಸಿರಪ್ ಬಾಟ್ಲಿಯನ್ನು ನಲ್ಲಿಗೆ ಹಿಡಿದದ್ದು ಕಂಡು ನನ್ನ ಎದೆ ಝಲ್ಲೆಂದಿತು.

ಆನವಟ್ಟಿಯಲ್ಲಿದ್ದಾಗ ನಾನಿನ್ನೂ ಸಣ್ಣವನು. ಜ್ವರ, ಮೈತುಂಬ ಕಜ್ಜಿ. ಅಪ್ಪ ಶಿಕಾರಿಪುರದ ಆಸ್ಪತ್ರೆಯಿಂದ ಎರಡು ಕಂದು ಬಾಟ್ಲಿ ತಂದ. ಕುಡಿಯುವ ಔಷಧಿಗೆ ಗರಗಸದ ಹಲ್ಲಿನಂತೆ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿದ್ದರು. ಒಂದು ಹೊತ್ತಿಗೆ ಒಂದು ಹಲ್ಲಿನಷ್ಟು ಔಷಧಿ. ಕಜ್ಜಿಗೆ ಹಚ್ಚುವುದರ ಮೇಲೆ ಕೆಂಪು ಚೌಕದ ಚೀಟಿ: ‘ವಿಷ’. ಆಸ್ಪತ್ರೆ ಮೈಲಿಗೆಯೆಂದು ಅಜ್ಜಿ ಎರಡನ್ನೂ ತಿಕ್ಕಿ ತೊಳೆದಳು. ಚೀಟಿಗಳು ಬಚ್ಚಲು ಸೇರಿದವು. ಎರಡರ ವಾಸನೆಯೂ ಒಂದೇ.

“ಯಾವ್ದು ಕುಡ್ಸದು, ಅತ್ತೆ?” ಎನ್ನುತ್ತಾ ಅವ್ವ ಅತ್ತೇಬಿಟ್ಟಳು. ಹೆದರಿಕೆಗೆ, ಔಷಧಿಯಿಲ್ಲದೆಯೇ ನನ್ನ ಮೈ ತಣ್ಣಗಾಯಿತು.

ಅಜ್ಜಿ “ಶಿವಾ” ಎಂದು ಎರಡಕ್ಕೂ ವಿಭೂತಿ ಬಳಿದಳು. ಗಾಜಿನ ಮೇಲೆ ಉಳಿದಿದ್ದ ಚೀಟಿಯ ಅಂಟಿಗೆ ವಿಭೂತಿ ಹಿಡಿದು, ಒಂದರ ಮೇಲೆ ಚೌಕ, ಇನ್ನೊಂದರ ಮೇಲೆ ಬೆಳ್ಳನೆಯ ಹಲ್ಲುಗಳು ಮೂಡಿದವು.

ಆದರೂ ಅಜ್ಜಿ ಹಲ್ಲಿನ ಬಾಟ್ಲಿಯಿಂದ ಬಗ್ಗಿಸಿಕೊಂಡು ಮೊದಲು ತಾನೇ ಕುಡಿದಳು. “ನಾ ಸತ್ರೆ ನೀ ಕುಡೀಬ್ಯಾಡ, ಮಗಾ.”

ನಾನು ಅವಳ ಮುಖವನ್ನೇ ನೋಡಿದೆ. ಅವಳು ಮೂತಿ ಹಿಂಡಿದಳು. “ಥೂ, ಕಹಿ! ಔಷಧೀನೇ.”

ಇವತ್ತು ಸಿರಪ್ಪಿನ ಮೊದಲ ಚಮಚ ನಾನೇ ನೆಕ್ಕಿದೆ.

“ಏನ್ ಮಾವ, ನಿಮಗೂ ಜ್ವರಾನಾ?” ಸೊಸೆ ನಕ್ಕಳು.

ಜ್ವರವಲ್ಲಮ್ಮಾ, ಆವತ್ತಿನ ನಡುಕ.