ಇಂಟರ್‌ವ್ಯೂಗೆ ಎದುರು ಕೂತ ಅಣ್ಣ

ಅಣ್ಣನ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡರಲ್ಲೂ ಗೆರೆಗಳೇ ಇರಲಿಲ್ಲ. ಮೂವತ್ತು ವರ್ಷ ಕಬ್ಬಿಣದ ಬಿಡಿಭಾಗಗಳ ಅಂಚು ಸವರಿ ಸವರಿ ಅಲ್ಲಿನ ಚರ್ಮ ನುಣ್ಣಗಾಗಿ ಹೊಳೆಯುತ್ತಿತ್ತು. ನಾವಿಬ್ಬರೂ ಕಡೆಯಲ್ಲಿ ಒಟ್ಟಿಗಿದ್ದ ಫ್ಯಾಕ್ಟರಿಯ ಬಾಗಿಲಲ್ಲಿ ಹಾಜರಿ ಹಾಕುವ ಮೆಷಿನ್ನು ಆ ಬೆರಳನ್ನು ಒಪ್ಪುತ್ತಲೇ ಇರಲಿಲ್ಲ. ಒತ್ತಿದರೆ ಕೆಂಪು ದೀಪ, ಅಂಗಿಗೆ ಒರೆಸಿ ಮತ್ತೆ ಒತ್ತಿದರೆ ಮತ್ತೂ ಕೆಂಪು ದೀಪ. "ನಾನ್ ಬಂದೇ ಇಲ್ವಂತೆ ಕಣಮ್ಮ, ಮನೇಗ್ ಹೋಗ್ಬುಡ್ಲಾ?" ಎಂದು ಹಿಂದೆ ನಿಂತಿದ್ದ ನನ್ನನ್ನು ಕೇಳುತ್ತಿದ್ದರು. ಕೊನೆಗೆ ಸೆಕ್ಯುರಿಟಿಯವರು ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಒಳಗೆ ಬಿಡುತ್ತಿದ್ದರು.

ಅವರು ತೀರಿಕೊಂಡು ಆರು ತಿಂಗಳಾಯಿತು. ನಮಗೆ ರಕ್ತಸಂಬಂಧವೇನೂ ಇಲ್ಲ. ಅದಕ್ಕೂ ಮೊದಲು ಹೊಸೂರಿನ ಫ್ಯಾಕ್ಟರಿಯೊಂದರ ತಪಾಸಣೆ ವಿಭಾಗದಲ್ಲಿ ಅವರೂ ನಾನೂ ಒಂದೇ ಮೇಜಿನಲ್ಲಿ, ಬೇರೆ ಬೇರೆ ಶಿಫ್ಟಿನಲ್ಲಿ ಕೆಲಸ ಮಾಡುತ್ತಿದ್ದೆವು. ನಾನು ಕೋಲಾರದ ಕಡೆಯಿಂದ ಮದುವೆಯಾಗಿ ಅಲ್ಲಿನ ಮೂಕಂಡಪಲ್ಲಿಗೆ ಬಂದವಳು. ಅವರದು ಸಾನಮಾವು ಕಾಡಿನ ಮಗ್ಗುಲ ಹಳ್ಳಿ, ಮನೆಯಲ್ಲಿ ರಾಗಿ, ಟೊಮೆಟೊ ಬೇಸಾಯ. ಹೊಲದ ಕೆಲಸ ಮುಗಿಸಿ, ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟುಕೊಂಡು ಬಸ್ಸು ಹತ್ತಿ ಬರುತ್ತಿದ್ದರು. ತಪಾಸಣೆ ಎಂದರೇನು ಎಂದು ನನಗೆ ಕಲಿಸಿದವರೇ ಅವರು.

ನಮ್ಮ ಕೈಯ ಮುಖ್ಯ ಸಾಧನ ಗೇಜು. ಬೆರಳುದ್ದದ ಉಕ್ಕಿನ ಕಡ್ಡಿ. ಅದರ ಒಂದು ತುದಿ ಬಿಡಿಭಾಗದ ತೂತಿನೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಶಿಫ್ಟಿಗೆ ಬಂದವರು ಮೊದಲು ಆ ಗೇಜನ್ನೇ ಪರೀಕ್ಷಿಸಬೇಕು. ಅದಕ್ಕೆಂದು ಮರದ ಡಬ್ಬಿಯಲ್ಲಿ ಸರಿಯಾದದ್ದೊಂದು, ಬೇಕೆಂದೇ ಕೆಡಿಸಿದ್ದೊಂದು, ಹೀಗೆ ಎರಡು ಮಾಸ್ಟರ್ ಪೀಸುಗಳಿರುತ್ತವೆ. ಗೇಜು ಕೈಜಾರಿ ನೆಲಕ್ಕೆ ಬಿದ್ದರೆ ಆ ಕ್ಷಣವೇ ಹೇಳಿ ಕೆಂಪು ಡಬ್ಬಕ್ಕೆ ಹಾಕಬೇಕು. "ಮಾಲು ಕೆಟ್ರೆ ಒಂದ್ ಪೀಸ್ ಹೋಯ್ತದೆ. ಗೇಜ್ ಕೆಟ್ರೆ ನಮ್ಮ ಮಾತೇ ಹೋಯ್ತದೆ" ಎಂದು ಅಣ್ಣ ಹೇಳುತ್ತಿದ್ದರು.

ಒಂದು ದಿನ ಮಧ್ಯಾಹ್ನ ನನ್ನ ಶಿಫ್ಟು ಮುಗಿಯಲು ಹತ್ತು ನಿಮಿಷವಿದ್ದಾಗ ಗೇಜು ಬಿತ್ತು. ಹೇಳಿದರೆ ಚೀಟಿ ಬರೆಯಬೇಕು, ಸೂಪರ್‌ವೈಸರ್ ಬರಬೇಕು, ಅಷ್ಟರಲ್ಲಿ ಕಂಪನಿ ಬಸ್ಸು ಹೊರಟುಹೋಗುತ್ತದೆ. ಮಗಳನ್ನು ಶಾಲೆಯಿಂದ ಕರೆದುಕೊಂಡು ಬರುವವರು ಬೇರೆ ಯಾರೂ ಇರಲಿಲ್ಲ. ಒರೆಸಿ ಜಾಗದಲ್ಲಿಟ್ಟು ಓಡಿದೆ. ಹೇಗೂ ಮುಂದಿನ ಶಿಫ್ಟಿಗೆ ಅಣ್ಣ ಬರುತ್ತಾರೆ, ಮಾಸ್ಟರ್‌ಗೆ ಹಾಕಿ ನೋಡದೆ ಅವರು ಮಾಲು ಮುಟ್ಟುವುದಿಲ್ಲ, ತಪ್ಪು ಸಿಕ್ಕೇ ಸಿಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ನನ್ನ ಕರ್ಮ, ಅವತ್ತೇ ಸಾನಮಾವಿನ ಹತ್ತಿರ ಆನೆಗಳು ರಸ್ತೆಗಿಳಿದು ಅವರ ಬಸ್ಸು ನಿಂತುಬಿಟ್ಟಿತ್ತು. ಅವರು ಬರುವಷ್ಟರಲ್ಲಿ ಎರಡು ಟ್ರಾಲಿ ಮಾಲು ತುಂಬಿ, ಲಾರಿ ಕಾಯುತ್ತಿತ್ತು. ಜನ್ಮದಲ್ಲಿ ಮೊದಲ ಸಲ ಅಣ್ಣ ಮಾಸ್ಟರ್ ಡಬ್ಬಿ ತೆಗೆಯದೆ ಕೆಲಸ ಶುರು ಮಾಡಿದರು. ಗೇಜಿನ ಹೋಗಬಾರದ ತುದಿ ಜಜ್ಜಿಹೋಗಿತ್ತು. ಜಜ್ಜಿದ ತುದಿ ದೊಡ್ಡದಾದ ತೂತಿಗೂ ಹೋಗುವುದಿಲ್ಲವಾದ್ದರಿಂದ ಕೆಟ್ಟ ಮಾಲೆಲ್ಲ ಒಳ್ಳೆಯದೆಂದು ಪಾಸಾಯಿತು. ಒಂದು ವಾರಕ್ಕೆ ಅಷ್ಟೂ ವಾಪಸ್ ಬಂತು.

ವಿಚಾರಣೆಯಲ್ಲಿ ಮ್ಯಾನೇಜರು ನಮ್ಮಿಬ್ಬರನ್ನೂ ನಿಲ್ಲಿಸಿ ಗೇಜು ಬೀಳಿಸಿದವರು ಯಾರೆಂದು ಕೇಳಿದರು. ನಾನು ನೆಲ ನೋಡುತ್ತಿದ್ದೆ. ಅಣ್ಣ ಹೇಳಿದರು: "ಬೀಳ್ಸಿದ್ದು ಯಾರಾನ ಆಗ್ಲಿ ಸಾರ್. ಮಾಸ್ಟರ್‌ಗೆ ಹಾಕ್ದೆ ಕೆಲ್ಸ ಸುರು ಮಾಡ್ದೋನು ನಾನು. ತಪ್ಪು ನಂದೇ." ಅವರನ್ನು ತಪಾಸಣೆಯಿಂದ ತೆಗೆದು ಪ್ಯಾಕಿಂಗಿಗೆ ಹಾಕಿದರು. ಮೂರು ತಿಂಗಳು ರಟ್ಟಿನ ಪೆಟ್ಟಿಗೆಗಳಿಗೆ ಟೇಪು ಅಂಟಿಸಿ, ಆಮೇಲೆ ಬಿಟ್ಟು ಹೋದರು. ನಾನು ಮಾತ್ರ ಅದೇ ಮೇಜಿನಲ್ಲಿ ಕೂತು ಸಂಬಳ ಎಣಿಸಿದೆ. ನಾಚಿಕೆಗೆಟ್ಟವಳು ಎಂದು ನನ್ನನ್ನು ನಾನೇ ಬೈದುಕೊಳ್ಳುವುದು ಕೂಡ ನಿಧಾನವಾಗಿ ಅಭ್ಯಾಸವಾಗಿಹೋಯಿತು.

ಹತ್ತು ವರ್ಷದ ಮೇಲೆ ಆ ಫ್ಯಾಕ್ಟರಿ ಬಾಗಿಲು ಹಾಕಿತು. ನನಗೆ ನಲವತ್ನಾಲ್ಕು. ಗಂಡ ಮಂಡಿ ಸವೆದು ಮನೆಯಲ್ಲಿ ಕೂತಿದ್ದರು, ಮಗಳ ಡಿಪ್ಲೊಮಾ ಮುಗಿಯಲು ಇನ್ನೂ ಒಂದು ವರ್ಷವಿತ್ತು. ನಾಲ್ಕು ಕಡೆ ಇಂಟರ್‌ವ್ಯೂಗೆ ಹೋಗಿ, ನಾಲ್ಕು ಕಡೆಯೂ "ಫೋನ್ ಮಾಡ್ತೀವಮ್ಮ" ಅನ್ನಿಸಿಕೊಂಡು ಬಂದಿದ್ದೆ. ಐದನೆಯದು ಕೃಷ್ಣಗಿರಿ ರಸ್ತೆಯ ಒಂದು ಸಣ್ಣ ಫ್ಯಾಕ್ಟರಿ. ಫೈಲು ಎದೆಗವಚಿಕೊಂಡು ಒಳಗೆ ಹೋದರೆ ಮೇಜಿನ ಆಚೆ ಎಚ್‌ಆರ್ ಮೇಡಂ, ಅವರ ಪಕ್ಕದಲ್ಲಿ ತಪಾಸಣೆ ವಿಭಾಗದ ಮುಖ್ಯಸ್ಥರಾಗಿ ಅಣ್ಣ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹಣೆಯ ವಿಭೂತಿ ಹಾಗೇ ಇತ್ತು.

ಅಯ್ಯೋ ದೇವರೇ, ವಾಪಸ್ ಹೋಗಿಬಿಡಲೇ ಅನ್ನಿಸಿತು. ಆದರೆ ಆರನೆಯ ಕಡೆ ಹುಡುಕಿಕೊಂಡು ಹೋಗುವ ತ್ರಾಣ ನನ್ನಲ್ಲಿ ಉಳಿದಿರಲಿಲ್ಲ.

"ಕೂತ್ಕೊಳಿ" ಎಂದರು ಅಣ್ಣ. ನನ್ನನ್ನು ಯಾವತ್ತೂ 'ನೀವು' ಎಂದವರಲ್ಲ. ಆ ಒಂದು ಮಾತಿಗೆ ನಾನು ಕುರ್ಚಿಯ ತುದಿಯಲ್ಲೇ ಕೂತೆ.

"ಇವಂಗಳ ಮುನ್ನಾಡಿಯೇ ತೆರಿಯುಮಾ ಸಾರ್?" ಮೊದಲೇ ಗೊತ್ತಾ ಎಂದು ಮೇಡಂ ತಮಿಳಿನಲ್ಲಿ ಅವರನ್ನು ಕೇಳಿದರು.

"ತೆರಿಯುಂ" ಎಂದು ಅಣ್ಣ ನನ್ನ ಫೈಲು ತಿರುವಿದರು.

ಮೇಡಂ ತಮ್ಮ ಕಾಗದದಲ್ಲಿದ್ದ ಪ್ರಶ್ನೆಗಳನ್ನೆಲ್ಲ ಮುಗಿಸಿದರು. ಯಾಕೆ ಬಿಟ್ಟಿರಿ, ಎಷ್ಟು ವರ್ಷ, ಶಿಫ್ಟಿಗೆ ಬರುತ್ತೀರಾ. ತಮಿಳು, ಕನ್ನಡ ಬೆರೆಸಿ ಹೇಗೋ ಹೇಳಿದೆ. ಇನ್ನೇನು ಮುಗಿಯಿತು ಎನ್ನುವಾಗ ಅಣ್ಣ ಫೈಲು ಮುಚ್ಚಿದರು.

"ನಾನೊಂದ್ ಕೇಳ್ತೀನಿ. ಕೆಲ್ಸದಾಗೆ ನೀವು ಮಾಡಿರೋ ಒಂದು ತಪ್ಪು ಹೇಳಿ."

ಇಂಥ ಪ್ರಶ್ನೆ ಬಂದರೆ ಹೇಳು ಎಂದು ಮಗಳು ಹಿಂದಿನ ದಿನ ಒಂದು ಉತ್ತರ ಬಾಯಿಪಾಠ ಮಾಡಿಸಿದ್ದಳು. ನಾಲಗೆ ಅದನ್ನೇ ಒದರಿತು: "ಕೆಲ್ಸಕ್ಕೆ ಕೂತ್ರೆ ಊಟದ ಹೊತ್ತೂ ಮರ್ತೋಗ್ತೀನಿ ಸಾರ್."

ಮೇಡಂ ನಕ್ಕು ಗುರುತು ಹಾಕಿಕೊಂಡರು. ಅಣ್ಣ ನಗಲಿಲ್ಲ. ಫೈಲು ನನ್ನ ಕಡೆ ಸರಿಸಿ, "ಸೋಮ್ವಾರದಿಂದ ಬನ್ನಿ" ಎಂದರು.

ಬಸ್‌ಸ್ಟಾಪಿನಲ್ಲಿ ಕೂತು ಮನೆಗೆ ಫೋನು ಮಾಡಿದೆ. ಗಂಡ, ಮಗಳು ಖುಷಿಪಟ್ಟರು, ನನಗೆ ಖುಷಿಯಾಗಲಿಲ್ಲ. ಥೂ, ಸಾರ್ ಅಂದೆನಲ್ಲ ಅವರನ್ನು, ಅದೂ ಅಂಥ ಮಾತು ಹೇಳಿ, ಎಂದು ಬಸ್ಸು ಬರುವವರೆಗೂ ನನ್ನನ್ನೇ ಬೈದುಕೊಂಡೆ.

ಕೆಲಸಕ್ಕೆ ಸೇರಿದ ಮೇಲೆ ಅವರು ಮೊದಲಿನ ಅಣ್ಣನೇ ಆದರು. 'ಕಣಮ್ಮ' ಬಂತು, ಹೊಲದ ಹುರುಳಿಕಾಯಿ ಬಂತು, ಗಂಡನ ಮಂಡಿಗೆ ಯಾವುದೋ ಎಣ್ಣೆಯೂ ಬಂತು. ಒಂದು ಮಾತ್ರ ಬೇರೆಯಾಗಿತ್ತು. ಬೆಳಿಗ್ಗೆ ಶಿಫ್ಟು ಶುರುವಾದಾಗ ನಾನು ಮಾಸ್ಟರ್‌ಗೆ ಹಾಕಿ ನೋಡಿದ ಗೇಜನ್ನು ಅವರು ತೆಗೆದುಕೊಂಡು ತಾವೂ ಒಮ್ಮೆ ಹಾಕಿ ನೋಡುತ್ತಿದ್ದರು. ಉಳಿದ ಮೂವರ ಮೇಜಿಗೆ ಹೀಗೆ ಮಾಡುತ್ತಿರಲಿಲ್ಲ. ಬಾಯಲ್ಲಿ ಒಂದು ಮಾತಿಲ್ಲ, ಮುಖದಲ್ಲಿ ಸಿಟ್ಟೂ ಇಲ್ಲ. ನೋಡಿ, ಇಟ್ಟು, ಮುಂದೆ ಹೋಗುವರು. ಎಂಟು ತಿಂಗಳು, ದಿನಾ. ಬೈದಿದ್ದರೆ ಒಂದೇ ದಿನಕ್ಕೆ ಮುಗಿಯುತ್ತಿತ್ತು. ನಾನು ಒಳಗೇ ಸವೆದುಹೋದೆ.

ಒಂದು ಬೆಳಿಗ್ಗೆ ತಡೆಯಲಾಗಲಿಲ್ಲ. ಗೇಜು ಅವರ ಕೈಯಲ್ಲಿರುವಾಗಲೇ ಹೇಳಿದೆ: "ಅಣ್ಣ, ಅವತ್ತು ಬೀಳ್ಸಿದ್ದು ನಾನೇ."

ಅವರು ಕೈಯ ಕೆಲಸ ನಿಲ್ಲಿಸಲಿಲ್ಲ. ಎರಡೂ ಪೀಸಿಗೆ ಹಾಕಿ ನೋಡಿ, ಗೇಜನ್ನು ಬಟ್ಟೆಯ ಮೇಲೆ ಮೆಲ್ಲಗಿಟ್ಟರು.

"ಬಸ್ಸಿಗೆ ಹೊತ್ತಾಗಿತ್ತೇನಮ್ಮ?"

"ಹೂಂ ಅಣ್ಣ. ನಿಮ್ಗೆ ಗೊತ್ತಿತ್ತಾ?"

"ಆ ಮೇಜಿಗೆ ಇದ್ದೋರೇ ಇಬ್ರು. ಗೊತ್ತಾಗ್ದೆ ಏನು?" ಎಂದರು. ಆಮೇಲೆ, "ನಂಗೂ ಅವತ್ತು ಬಸ್ಸೇ ಕೈ ಕೊಡ್ತು ಕಣಮ್ಮ" ಎಂದು ಸಣ್ಣಗೆ ನಕ್ಕು ಹೋದರು. ನನ್ನಿಂದ ಹೋದ ಅವರ ಕೆಲಸ, ಮರ್ಯಾದೆ, ಆ ಮೂರು ತಿಂಗಳ ಟೇಪು, ಯಾವುದನ್ನೂ ಎತ್ತಿ ಆಡಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಗೇಜು ಪರೀಕ್ಷಿಸಿ, ಅವರಿಗೆಂದು ತೆಗೆದಿಟ್ಟು ಕಾದೆ. ಅಣ್ಣ ಬಂದರು, ನನ್ನ ಮೇಜಿನ ಪಕ್ಕದಲ್ಲೇ ಹಾದು ಮುಂದೆ ಹೋಗುತ್ತಿದ್ದರು. ಮರೆತರೇನೋ ಎಂದುಕೊಂಡು ಕೂಗಿದೆ.

"ಅಣ್ಣ, ನನ್ ಗೇಜ್ ನೋಡ್ಲೇ ಇಲ್ಲ."

ಅವರು ನಿಲ್ಲಲಿಲ್ಲ. ತಿರುಗಿ ನೋಡದೆಯೇ, "ನೀನ್ ನೋಡಿದ್ದೀಯಲ್ಲಮ್ಮ" ಎಂದರು.

ಕೆಲಸ ಕೊಟ್ಟದ್ದಕ್ಕಿಂತ ಆ ಮಾತಿಗೆ ನಾನು ಹೆಚ್ಚು ಋಣಿ. ಅವತ್ತು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಆಮೇಲೆ ಮುಖ ತೊಳೆದುಕೊಂಡು ಬಂದು ಮೊದಲ ಪೀಸು ಕೈಗೆತ್ತಿಕೊಂಡೆ.